ಊರಿನ ಕೌನ್ಸಿಲ್‌ನಲ್ಲಿ ಎಣ್ಣೆ ಪೈಪ್‌ಲೈನ್ ಚರ್ಚೆಗೆ ಬಂದರೆ: ಮೂರು ನಿಮಿಷ ಮಾತಾಡುವ ಮುಂಚೆ

ಕೆನಡಾಕ್ಕೆ ಬಂದ ಹೊಸದರಲ್ಲಿ ಒಮ್ಮೆ ನಗರ ಕೌನ್ಸಿಲ್ ಸಭೆಯಲ್ಲಿ ಮಾತಾಡಲು ಹೆಸರು ಕೊಟ್ಟಿದ್ದೆ. ಐದು ನಿಮಿಷಕ್ಕೆ ಆಗುವಷ್ಟು ಬರೆದುಕೊಂಡು ಹೋಗಿದ್ದೆ. ಅಲ್ಲಿ ಹೋದ ಮೇಲೆ ಗೊತ್ತಾಯಿತು, ಸಿಗುವುದು ಮೂರೇ ನಿಮಿಷ. ಭೂಮಿ ಬಿಸಿಯಾಗುತ್ತಿದೆ, ಹಿಮ ಕರಗುತ್ತಿದೆ, ಮಕ್ಕಳ ಗತಿ ಏನು ಅನ್ನುವಷ್ಟರಲ್ಲಿ ಎರಡು ನಿಮಿಷ ಹೋಯಿತು. ಮುಗಿದ ಮೇಲೆ ಕೌನ್ಸಿಲರ್ ಒಬ್ಬರು ತುಂಬ ಮರ್ಯಾದೆಯಿಂದಲೇ ಕೇಳಿದರು: ‘ಸರಿ, ಈಗ ನಾವು ಏನು ಮಾಡಬೇಕು ಅಂತೀರಿ?’ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಸುಮ್ನೆ ನಕ್ಕು ಬಂದು ಕೂತೆ.

ಆ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಕೊಳ್ಳುವುದು ಹೇಗೆ ಅನ್ನುವುದಷ್ಟೇ ಈ ಲೇಖನ. ಕೆನಡಾ, ಅಮೆರಿಕದಲ್ಲಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಎಣ್ಣೆ ಪೈಪ್‌ಲೈನ್‌ಗೆ ಬೆಂಬಲ ಕೊಡಬೇಕೋ ಬೇಡವೋ ಅಂತ ನಗರ ಕೌನ್ಸಿಲ್‌ಗಳು ಕೂತು ಮತ ಹಾಕುವುದು ಅಲ್ಲಿ ಆಗಾಗ ನಡೆಯುತ್ತದೆ. ನೀವು ಪೈಪ್‌ಲೈನ್ ಪರವೋ ವಿರೋಧವೋ, ಅದು ನಿಮಗೆ ಬಿಟ್ಟದ್ದು. ತಯಾರಿ ಮಾತ್ರ ಇಬ್ಬರಿಗೂ ಒಂದೇ.

1. ನಿರ್ಣಯದ ಕೊನೆಯ ಸಾಲಿನಿಂದ ಓದಲು ಶುರುಮಾಡಿ

ಸಭೆಗೆ ಕೆಲವು ದಿನ ಮುಂಚೆ ನಗರದ ವೆಬ್‌ಸೈಟಿನಲ್ಲಿ ಅಜೆಂಡಾ ಬರುತ್ತದೆ. ಅದರಲ್ಲಿ ನಿರ್ಣಯದ ಕರಡು ಇರುತ್ತದೆ. ಮೊದಲ ಪುಟದ ತುಂಬ ‘ವೇರ್‌ಆಸ್’, ‘ವೇರ್‌ಆಸ್’ ಅಂತ ಸಾಲುಗಳು. ನಮ್ಮ ಅರ್ಜಿಗಳಲ್ಲಿ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಅಂತ ಬರೆಯುತ್ತೇವಲ್ಲ, ಹಾಗೇ ಅದು ಪೀಠಿಕೆ. ನಿಜವಾದ ವಿಷಯ ಇರುವುದು ಕೆಳಗೆ, ‘ಬಿ ಇಟ್ ರಿಸಾಲ್ವ್ಡ್’ ಅಂತ ಶುರುವಾಗುವ ಸಾಲಿನಲ್ಲಿ. ಕೌನ್ಸಿಲ್ ಮತ ಹಾಕಿದ ಮೇಲೆ ಜಾರಿಗೆ ಬರುವುದು ಅಷ್ಟೇ.

ಆ ಸಾಲು ಏನು ಹೇಳುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ‘ಕೌನ್ಸಿಲ್ ವಿರೋಧಿಸುತ್ತದೆ, ಮೇಯರ್ ಪ್ರಧಾನಿಗೆ ಪತ್ರ ಬರೆಯಲಿ’ ಅಂತಿದ್ದರೆ ಅದು ಬರೀ ಅಭಿಪ್ರಾಯ. ‘ಬೈಲಾ ತಿದ್ದಲು ಸಿಬ್ಬಂದಿ ಕರಡು ತರಲಿ’ ಅಂತಿದ್ದರೆ ಅದು ಕಾನೂನಿನ ಕೆಲಸ, ಮುಂದೆ ಇನ್ನೂ ಎರಡು ಮೂರು ಓದುಗಳು (ಸಭೆಯಲ್ಲಿ ಕರಡನ್ನು ಮತ್ತೆ ಚರ್ಚಿಸುವ ಸುತ್ತುಗಳು) ಇರುತ್ತವೆ. ‘ಕಂಪನಿಯ ಜೊತೆ ಒಪ್ಪಂದಕ್ಕೆ ಸಹಿ ಹಾಕಲು ಅಧಿಕಾರ ಕೊಡಲಾಗಿದೆ’ ಅಂತಿದ್ದರೆ ಅಲ್ಲಿ ದುಡ್ಡಿದೆ, ಕಣ್ಣು ಬಿಟ್ಟು ಓದಿ. ‘ಜನಮತ ಕೇಳಲಾಗುವುದು’ ಅಂತಲೂ ಇರಬಹುದು.

ಬ್ರಿಟಿಷ್ ಕೊಲಂಬಿಯಾದ ಕಿಟಿಮ್ಯಾಟ್ ಎಂಬ ಸಣ್ಣ ಊರು ಹಾಗೇ ಮಾಡಿತು. ಎಣ್ಣೆ ಸಿಗುವ ಆಲ್ಬರ್ಟಾ ಪ್ರಾಂತ್ಯದಿಂದ ಅಲ್ಲಿನ ಸಮುದ್ರ ತೀರಕ್ಕೆ 1,177 ಕಿ.ಮೀ. ಉದ್ದದ ನಾರ್ದರ್ನ್ ಗೇಟ್‌ವೇ ಪೈಪ್‌ಲೈನ್ ತರಲು ಎನ್‌ಬ್ರಿಡ್ಜ್ ಕಂಪನಿ ಹೊರಟಿತ್ತು. ಕೌನ್ಸಿಲ್ ಬಹಳ ದಿನ ಯಾವ ಕಡೆಗೂ ವಾಲದೆ, 2014ರ ಏಪ್ರಿಲ್ 12ರಂದು ಜನರನ್ನೇ ಕೇಳಿತು. ಆದರೆ ಪ್ರಶ್ನೆ ‘ಪೈಪ್‌ಲೈನ್ ಬೇಕೇ?’ ಅಂತ ಇರಲಿಲ್ಲ. 209 ಷರತ್ತು ಹಾಕಿ ಯೋಜನೆಗೆ ಒಪ್ಪಿಗೆ ಕೊಡಬಹುದು ಅಂತ ಕೇಂದ್ರದ ಪರಿಶೀಲನಾ ಸಮಿತಿ ಮಾಡಿದ ಶಿಫಾರಸಿಗೆ ನಿಮ್ಮ ಬೆಂಬಲ ಇದೆಯೇ ಅಂತ ಇತ್ತು. 209 ಷರತ್ತುಗಳನ್ನು ಓದಿ ಮತ ಹಾಕಿದವರು ಎಷ್ಟು ಮಂದಿಯೋ! ಬೇಡ ಅಂದವರು 1,793, ಬೇಕು ಅಂದವರು 1,278. ಪಕ್ಕದ ಹಳ್ಳಿಯಲ್ಲಿರುವ ಹೈಸ್ಲಾ ಮೂಲನಿವಾಸಿಗಳು ಊರಿನ ಗಡಿಯ ಹೊರಗಿದ್ದರು ಅಂತ ಅವರಿಗೆ ಮತವೇ ಇರಲಿಲ್ಲ. ಎಣ್ಣೆ ತುಂಬಲು ಹಡಗು ಬರುವುದು ಅವರ ನೀರಿಗೆ, ಮತ ಹಾಕುವುದು ಪಕ್ಕದವರು. ಪ್ರಶ್ನೆಯನ್ನು ಹೇಗೆ ಬರೆದಿದ್ದಾರೆ, ಯಾರನ್ನು ಕೇಳುತ್ತಿದ್ದಾರೆ ಅನ್ನುವುದನ್ನು ನೋಡದೆ ಉತ್ತರ ಕೊಡಲು ಹೋಗಬೇಡಿ.

2. ಕೌನ್ಸಿಲ್ ಕೈಯಲ್ಲಿ ಏನಿದೆ, ಏನಿಲ್ಲ

ಇದೇ ಎಲ್ಲಕ್ಕಿಂತ ಮುಖ್ಯ. ಸ್ವಲ್ಪ ನಿಧಾನವಾಗಿ ಹೋಗೋಣ.

ಕೆನಡಾದಲ್ಲಿ ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಹೋಗುವ ಪೈಪ್‌ಲೈನ್ ಕೇಂದ್ರ ಸರ್ಕಾರದ ವಿಷಯ. 1867ರ ಸಂವಿಧಾನದಲ್ಲೇ ಹಾಗಿದೆ. ನಗರಗಳು ಪ್ರಾಂತ್ಯದ ಕಾನೂನಿನಿಂದ ಹುಟ್ಟಿದವು. ಹಾಗಾಗಿ ಕೌನ್ಸಿಲ್ ‘ಆಗದು’ ಅಂದ ಮಾತ್ರಕ್ಕೆ ಪೈಪ್‌ಲೈನ್ ನಿಲ್ಲುವುದಿಲ್ಲ, ‘ಆಗಲಿ’ ಅಂದರೆ ಬರುವುದೂ ಇಲ್ಲ.

ಇದನ್ನು ಬಹಳ ದುಬಾರಿಯಾಗಿ ಕಲಿತ ಊರು ಬರ್ನಬಿ, ವ್ಯಾಂಕೂವರ್‌ಗೆ ಅಂಟಿಕೊಂಡಿರುವ ನಗರ. ಎಡ್ಮಂಟನ್ ಹತ್ತಿರದಿಂದ ಬರ್ನಬಿಗೆ 1953ರಿಂದ ಟ್ರಾನ್ಸ್ ಮೌಂಟನ್ ಪೈಪ್‌ಲೈನ್ ಇದೆ. ಅದರ ಪಕ್ಕದಲ್ಲಿ ಇನ್ನೊಂದು ಕೊಳವೆ ಹಾಕಲು ಕಿಂಡರ್ ಮಾರ್ಗನ್ ಕಂಪನಿ 2013ರ ಡಿಸೆಂಬರ್‌ನಲ್ಲಿ ಅರ್ಜಿ ಹಾಕಿತು. ಮೇಯರ್ ಡೆರೆಕ್ ಕಾರಿಗನ್ ಮತ್ತು ಅವರ ಕೌನ್ಸಿಲ್ ಗಟ್ಟಿಯಾಗಿ ವಿರೋಧಿಸಿದರು. 2014ರಲ್ಲಿ ಬರ್ನಬಿ ಗುಡ್ಡದ ಮೀಸಲು ಜಾಗದಲ್ಲಿ ಸರ್ವೆ ಮಾಡಲು ಕಂಪನಿ ಮರ ಕಡಿಯಿತು. ನಗರ ತನ್ನ ಬೈಲಾ ತೋರಿಸಿ ತಡೆಯಲು ನೋಡಿತು. ಪೈಪ್‌ಲೈನ್‌ಗಳನ್ನು ನೋಡಿಕೊಳ್ಳುತ್ತಿದ್ದ ಕೇಂದ್ರದ ಸಂಸ್ಥೆ, ಆಗಿನ ರಾಷ್ಟ್ರೀಯ ಇಂಧನ ಮಂಡಳಿ, ‘ಈ ಕೆಲಸಕ್ಕೆ ನಿಮ್ಮ ಬೈಲಾ ಅಡ್ಡ ಬರುವಂತಿಲ್ಲ’ ಅಂದಿತು. ನಗರ ಕೋರ್ಟಿಗೆ ಹೋಯಿತು, ಸೋತಿತು. ಮೇಲಿನ ಕೋರ್ಟಿನಲ್ಲೂ ಸೋತಿತು. 2017ರಲ್ಲಿ ಅನುಮತಿ ಪತ್ರಗಳನ್ನು ಕೊಡಲು ನಗರ ತಡಮಾಡುತ್ತಿದೆ ಅಂತ ಕಂಪನಿ ದೂರಿದಾಗ, ಮಂಡಳಿ ಆ ಅನುಮತಿಗಳೇ ಬೇಡ ಅಂತ ವಿನಾಯಿತಿ ಕೊಟ್ಟುಬಿಟ್ಟಿತು. 2018ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬರ್ನಬಿಯ ಮೇಲ್ಮನವಿಯನ್ನು ಕೇಳಲೂ ಒಪ್ಪಲಿಲ್ಲ.

ಅದೇ ತಿಂಗಳ ಕೊನೆಯಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಇಡೀ ಯೋಜನೆಯ ಒಪ್ಪಿಗೆಯನ್ನೇ ರದ್ದು ಮಾಡಿತು. ಕಾರಣ ಬೈಲಾ ಅಲ್ಲ. ಮೂಲನಿವಾಸಿ ಸಮುದಾಯಗಳ ಜೊತೆ ಸರ್ಕಾರ ಸರಿಯಾಗಿ ಮಾತುಕತೆ ನಡೆಸಿಲ್ಲ, ಸಮುದ್ರದಲ್ಲಿ ಹಡಗಿನ ಓಡಾಟದ ಪರಿಣಾಮವನ್ನು ಲೆಕ್ಕಕ್ಕೆ ಹಿಡಿದಿಲ್ಲ ಅನ್ನುವುದು. ಮುಂದೆ ನಿಂತವರು ಬುರಾರ್ಡ್ ಕೊಲ್ಲಿಯ ಸ್ಲೇಲ್‌ವಾಟುತ್ ಜನ. ಕೌನ್ಸಿಲ್‌ನ ಧ್ವನಿಗಿಂತ ಅವರ ಹಕ್ಕಿಗೆ ಕೋರ್ಟಿನಲ್ಲಿ ಜಾಸ್ತಿ ತೂಕ ಬಂತು. ಕೊನೆಗೆ ಏನಾಯಿತು ಅಂದರೆ, ಕೇಂದ್ರ ಸರ್ಕಾರವೇ 450 ಕೋಟಿ ಡಾಲರ್ ಕೊಟ್ಟು ಪೈಪ್‌ಲೈನ್ ಕೊಂಡುಕೊಂಡಿತು, 2019ರ ಜೂನ್‌ನಲ್ಲಿ ಮತ್ತೆ ಒಪ್ಪಿಗೆ ಕೊಟ್ಟಿತು. 2024ರ ಮೇ 1ರಿಂದ ಹೊಸ ಕೊಳವೆಯಲ್ಲಿ ಎಣ್ಣೆ ಹರಿಯುತ್ತಿದೆ. ಖರ್ಚು ಸುಮಾರು 3,400 ಕೋಟಿ ಡಾಲರ್‌ಗೆ ಮುಟ್ಟಿತು.

ಹಾಗಾದರೆ ಕೌನ್ಸಿಲ್ ಮುಂದೆ ಹೋಗುವುದೇ ದಂಡವೇ? ಅಲ್ಲ. ಅದರ ಕೈಯಲ್ಲಿ ನಿಜವಾಗಿ ಇರುವುದನ್ನು ಹುಡುಕಬೇಕು ಅಷ್ಟೇ.

ಅಮೆರಿಕದ ಮೇಯ್ನ್ ರಾಜ್ಯದ ಸೌತ್ ಪೋರ್ಟ್‌ಲ್ಯಾಂಡ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿಂದ ಮಾಂಟ್ರಿಯಲ್‌ಗೆ 1941ರ ಕಾಲದ ಪೈಪ್‌ಲೈನ್ ಇದೆ. ಅದನ್ನು ಉಲ್ಟಾ ಹರಿಸಿ, ಆಲ್ಬರ್ಟಾದ ಎಣ್ಣೆ ತಂದು ಹಡಗಿಗೆ ತುಂಬಿಸುತ್ತಾರೆ ಅನ್ನುವ ಭಯ ಜನರಿಗೆ ಬಂತು. 2013ರಲ್ಲಿ ಜನಮತಕ್ಕೆ ಹಾಕಿದ ಮೊದಲ ಕಾನೂನು 200ಕ್ಕೂ ಕಡಿಮೆ ಮತಗಳಿಂದ ಸೋತಿತು. ಕೌನ್ಸಿಲ್ ಕೈಚೆಲ್ಲಲಿಲ್ಲ, ತಾತ್ಕಾಲಿಕ ತಡೆ ಹಾಕಿ, ಒಂದು ಕರಡು ಸಮಿತಿ ಕೂರಿಸಿತು. ಆ ಸಮಿತಿ ಜಾಣತನದ ಕೆಲಸ ಮಾಡಿತು. ಪೈಪಿನ ಸುದ್ದಿಗೇ ಹೋಗಲಿಲ್ಲ. ‘ನಮ್ಮ ಬಂದರಿನಲ್ಲಿ ಕಚ್ಚಾ ತೈಲವನ್ನು ಹಡಗಿಗೆ ತುಂಬಿಸುವಂತಿಲ್ಲ’ ಅಂತ ಬರೆಯಿತು. ಬಂದರಿನ ಜಾಗದಲ್ಲಿ ಏನು ಮಾಡಬಹುದು, ಏನು ಮಾಡಬಾರದು ಅನ್ನುವುದು ನಗರದ ಕೈಯಲ್ಲಿತ್ತು. 2014ರ ಜುಲೈನಲ್ಲಿ 6–1 ಮತದಿಂದ ಅದು ಪಾಸಾಯಿತು. ಕಂಪನಿ ಮೊಕದ್ದಮೆ ಹೂಡಿ ಆರು ವರ್ಷ ಎಳೆಯಿತು, 2021ರಲ್ಲಿ ಹಿಂದೆ ಸರಿಯಿತು.

ಅಮೆರಿಕದ ಟೆನ್ನೆಸ್ಸಿ ರಾಜ್ಯದ ಮೆಂಫಿಸ್‌ನಲ್ಲಿ ಕೈಗೆ ಸಿಕ್ಕಿದ್ದು ಕುಡಿಯುವ ನೀರು. ಬೈಹೇಲಿಯಾ ಎಂಬ 49 ಮೈಲಿ ಪೈಪ್‌ಲೈನ್ ನಗರದ ನೈಋತ್ಯದಲ್ಲಿ ಕಪ್ಪು ಜನ ತಲೆಮಾರುಗಳಿಂದ ಇರುವ ಬಾಕ್ಸ್‌ಟೌನ್ ಮೂಲಕ ಹೋಗಬೇಕಿತ್ತು. ಕಡಿಮೆ ಪ್ರತಿರೋಧ ಬರುವ ದಾರಿ ಇದು ಅಂತ ಕಂಪನಿಯ ಪ್ರತಿನಿಧಿಯೊಬ್ಬರು ಸಭೆಯಲ್ಲಿ ಬಾಯಿಬಿಟ್ಟರು. ಆ ಒಂದು ಮಾತು ಊರನ್ನೇ ಎಬ್ಬಿಸಿತು. ಮೆಂಫಿಸ್ ಕುಡಿಯುವುದು ಕೆರೆ ನೀರಲ್ಲ, ನದಿ ನೀರಲ್ಲ. ಅದು ಕುಡಿಯುವುದು ನೆಲದಡಿಯ ಮರಳಿನ ಪದರದ ನೀರನ್ನು. ಅದರ ಮೇಲೆ ಎಣ್ಣೆ ಕೊಳವೆ ಬಂದರೆ ಹೇಗೆ ಅಂತ ಜಸ್ಟಿನ್ ಜೆ. ಪಿಯರ್ಸನ್ ಮತ್ತು ಗೆಳೆಯರು ಸಭೆಯಿಂದ ಸಭೆಗೆ ಕೇಳಿದರು. ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ) ಕೈಯಲ್ಲಿ ಆ ದಾರಿಯಲ್ಲಿ ಎರಡು ನಿವೇಶನಗಳಿದ್ದವು. ಅವನ್ನು ಕಂಪನಿಗೆ ಮಾರುವುದನ್ನು ಕೌಂಟಿ ಆಯೋಗ ತಡೆಹಿಡಿಯಿತು. ನಗರ ಕೌನ್ಸಿಲ್ ವಿರೋಧದ ನಿರ್ಣಯ ಮಾಡಿತು, ನೀರಿನ ಬಾವಿಗಳನ್ನು ಕಾಪಾಡುವ ಕಾನೂನು ಬರೆಯಲು ಕೂತಿತು. 2021ರ ಜುಲೈ 2ರಂದು ಕಂಪನಿ ಯೋಜನೆಯನ್ನೇ ಕೈಬಿಟ್ಟಿತು.

ಅಮೆರಿಕದಲ್ಲಿ ಒಂದು ಸೂಕ್ಷ್ಮ ಇದೆ. ಪೈಪ್‌ನ ಸುರಕ್ಷತಾ ನಿಯಮ ಕೇಂದ್ರದ್ದು, ಅದರಲ್ಲಿ ನಗರ ಕೈ ಹಾಕುವಂತಿಲ್ಲ. ಆದರೆ ಎಣ್ಣೆ ಪೈಪ್‌ಲೈನ್ ಎಲ್ಲಿ ಹಾದು ಹೋಗಬೇಕು ಅನ್ನುವುದನ್ನು ಹೆಚ್ಚಾಗಿ ರಾಜ್ಯ ಮತ್ತು ಸ್ಥಳೀಯ ಕಾನೂನು ನೋಡಿಕೊಳ್ಳುತ್ತದೆ. ನೈಸರ್ಗಿಕ ಅನಿಲದ ಪೈಪ್‌ಗೆ ಬೇರೆಯೇ ಲೆಕ್ಕ. ಅದಕ್ಕೇ ಎಣ್ಣೆಯೋ ಅನಿಲವೋ ಅಂತ ಮೊದಲೇ ಕೇಳಿಕೊಳ್ಳಿ. ಕೌನ್ಸಿಲ್ ಮುಂದೆ ಹೋಗಿ ‘ಪೈಪಿನ ದಪ್ಪ ಜಾಸ್ತಿ ಮಾಡಿಸಿ’ ಅಂದರೆ ನಗರದ ವಕೀಲರು ತಲೆ ಅಲ್ಲಾಡಿಸುತ್ತಾರೆ. ‘ಬಾವಿಯಿಂದ ಇಷ್ಟು ದೂರ ಇರಲಿ’ ಅಂದರೆ ಪೆನ್ನು ತೆಗೆಯುತ್ತಾರೆ.

(ನಮ್ಮೂರಿನಲ್ಲಿ ಇದೆಲ್ಲ ಹೇಗೆ ಅಂತ ಕೇಳುವವರಿಗೆ: ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ 362 ಕಿ.ಮೀ. ಪೈಪ್‌ಲೈನ್ ಇದೆ, ಅದರಲ್ಲಿ ಪೆಟ್ರೋಲ್, ಡೀಸೆಲ್ ಬರುತ್ತದೆ. ಅಲ್ಲಿ ನಗರಸಭೆಯ ಮತ ಯಾರೂ ಕೇಳುವುದಿಲ್ಲ. 1962ರ ಕೇಂದ್ರ ಕಾಯ್ದೆಯಲ್ಲಿ ಅಧಿಸೂಚನೆ ಹೊರಟ 21 ದಿನದೊಳಗೆ ಜಮೀನಿನವರು ಆಕ್ಷೇಪಣೆ ಹಾಕಬಹುದು. ಜಮೀನು ಅವರ ಹೆಸರಲ್ಲೇ ಉಳಿಯುತ್ತದೆ, ಆದರೆ ಕೊಳವೆಯ ಮೇಲೆ ಮನೆ ಕಟ್ಟುವಂತಿಲ್ಲ, ಮರ ನೆಡುವಂತಿಲ್ಲ.)

3. ಹೆಸರು ಬರೆಸುವುದು

ಇದು ಸುಲಭ. ಕೌನ್ಸಿಲ್‌ನ ಸಭೆಗಳನ್ನು ನೋಡಿಕೊಳ್ಳುವವರು ಸಿಟಿ ಕ್ಲರ್ಕ್. ಕ್ಲರ್ಕ್ ಅಂದ ಕೂಡಲೇ ಗುಮಾಸ್ತ ಅಂದುಕೊಳ್ಳಬೇಡಿ, ದೊಡ್ಡ ಹುದ್ದೆ. ಅವರ ಕಚೇರಿಗೆ ಇಮೇಲ್ ಮಾಡಿ ಮೂರು ವಿಷಯ ಕೇಳಿ: ಹೆಸರು ಕೊಡಲು ಕೊನೆಯ ಗಂಟೆ ಯಾವುದು, ಎಷ್ಟು ನಿಮಿಷ ಸಿಗುತ್ತದೆ, ಫೋನ್ ಅಥವಾ ವಿಡಿಯೊದಲ್ಲಿ ಮಾತಾಡಬಹುದೇ. ಎರಡರಿಂದ ಐದು ನಿಮಿಷದವರೆಗೆ ಊರಿಗೊಂದು ರೀತಿ ಇರುತ್ತದೆ. ಕೆಲವು ಕಡೆ ವಾರಗಳ ಮುಂಚೆಯೇ ಪತ್ರ ಕೊಡಬೇಕು.

‘ನಾನು ಸಿಟಿಜನ್ ಅಲ್ಲ, ಮಾತಾಡಬಹುದಾ?’ ಅಂತ ತುಂಬ ಜನ ಕೇಳುತ್ತಾರೆ. ಬ್ರಿಟಿಷ್ ಕೊಲಂಬಿಯಾದಲ್ಲಿ ನಗರದ ಚುನಾವಣೆಗೆ ಮತ ಹಾಕಲು ಕೆನಡಾದ ಪೌರತ್ವ ಬೇಕು. ಆದರೆ ಸಭೆಯಲ್ಲಿ ಮಾತಾಡಲು ಸಾಮಾನ್ಯವಾಗಿ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಆ ಊರಿನಲ್ಲಿ ಇದ್ದರೆ ಸಾಕು. ಉಚ್ಚಾರಣೆ ಬಗ್ಗೆಯೂ ತಲೆ ಕೆಡಿಸಿಕೊಳ್ಳಬೇಡಿ. ಬರ್ನಬಿಯ ಸಭೆಯಲ್ಲಿ ಅರ್ಧ ಜಗತ್ತಿನ ಇಂಗ್ಲಿಷ್ ಕೇಳಿಸುತ್ತದೆ.

4. ನಿಮ್ಮ ಬೀದಿಯ ಸಂಗತಿ ತನ್ನಿ

ಕೌನ್ಸಿಲರ್‌ಗಳಿಗೆ ಹವಾಮಾನ ಬದಲಾವಣೆಯ ಭಾಷಣ ಬಾಯಿಪಾಠ ಆಗಿರುತ್ತದೆ. ಉದ್ಯೋಗ ಸೃಷ್ಟಿಯ ಭಾಷಣವೂ ಅಷ್ಟೇ. ಅವರಿಗೆ ಗೊತ್ತಿಲ್ಲದೇ ಇರುವುದು ನಿಮ್ಮ ಬೀದಿ.

ಮೊದಲು ನಕ್ಷೆ ತೆಗೆಯಿರಿ. ಕೊಳವೆ ಎಲ್ಲಿ, ಟ್ಯಾಂಕ್‌ಗಳು ಎಲ್ಲಿ, ಶಾಲೆ ಎಲ್ಲಿ, ಮಳೆನೀರಿನ ಚರಂಡಿ ಎಲ್ಲಿಗೆ ಹೋಗಿ ಸೇರುತ್ತದೆ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. 2007ರ ಜುಲೈ 24ರಂದು ಬರ್ನಬಿಯ ಇನ್‌ಲೆಟ್ ಡ್ರೈವ್‌ನಲ್ಲಿ ನಡೆದದ್ದನ್ನು ಕೇಳಿ. ನಗರದ ಚರಂಡಿ ಕಾಮಗಾರಿಗೆ ಗುತ್ತಿಗೆದಾರರು ಅಗೆಯುತ್ತಿದ್ದರು. ನಕ್ಷೆಯಲ್ಲಿ ಎಣ್ಣೆ ಕೊಳವೆಯ ಜಾಗ ತಪ್ಪಾಗಿ ಗುರುತಾಗಿತ್ತು. ಜೆಸಿಬಿಯ ಕೈ ಹೋಗಿ ಟ್ರಾನ್ಸ್ ಮೌಂಟನ್ ಕೊಳವೆಗೇ ಬಡಿಯಿತು. ಕಚ್ಚಾ ತೈಲ ಕಾರಂಜಿಯ ಹಾಗೆ ಚಿಮ್ಮಿ ಮನೆಗಳ ಮೇಲೆ ಸುರಿಯಿತು. ಸುಮಾರು 2,34,000 ಲೀಟರ್ ಹೊರಬಂತು. ಸುಮಾರು 250 ಜನ ಮನೆ ಬಿಟ್ಟು ಹೋಗಬೇಕಾಯಿತು. ಎಣ್ಣೆ ಅಲ್ಲಿಗೇ ನಿಲ್ಲಲಿಲ್ಲ, ಮಳೆನೀರಿನ ಚರಂಡಿ ಹಿಡಿದು ಸಮುದ್ರದ ಕೊಲ್ಲಿಗೆ ಇಳಿಯಿತು.

ಈ ಘಟನೆಯನ್ನು ಎರಡೂ ಕಡೆಯವರು ಬಳಸಬಹುದು, ಅಲ್ವಾ? ವಿರೋಧಿಗಳು ‘ನೋಡಿ, ಅಪಾಯ’ ಅನ್ನುತ್ತಾರೆ. ಪರ ಇರುವವರು ‘ಕೊಳವೆ ತಾನಾಗಿ ಒಡೆದಿಲ್ಲ, ಅಗೆದವರ ತಪ್ಪು’ ಅನ್ನುತ್ತಾರೆ. ಕೌನ್ಸಿಲ್‌ಗೆ ಉಪಯೋಗಕ್ಕೆ ಬರುವುದು ಮೂರನೆಯ ಮಾತು: ನಗರದ ಒಳಚರಂಡಿ ವಿಭಾಗದ ಹತ್ತಿರ ಇವತ್ತು ಸರಿಯಾದ ನಕ್ಷೆ ಇದೆಯೇ?

ಆಮೇಲೆ ಅಗ್ನಿಶಾಮಕ ದಳ. ಇದು ಹೆಚ್ಚಿನ ಕಡೆ ನಗರದ್ದೇ. ಬರ್ನಬಿಯ ಟ್ಯಾಂಕ್ ಫಾರ್ಮ್‌ನಲ್ಲಿ (ಎಣ್ಣೆ ತುಂಬಿಡುವ ಟ್ಯಾಂಕ್‌ಗಳ ಜಾಗ) 13 ಇದ್ದ ಟ್ಯಾಂಕ್‌ಗಳನ್ನು 26 ಮಾಡುವ ಯೋಜನೆ ಇತ್ತು. ಅದು ಗುಡ್ಡದ ಇಳಿಜಾರಿನಲ್ಲಿದೆ, ಮೇಲೆ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯ. ಅಲ್ಲಿ ಬೆಂಕಿ ಬಿದ್ದರೆ ಗುಡ್ಡದ ಮೇಲಿರುವವರು ಹೇಗೆ ಇಳಿಯಬೇಕು ಅಂತ ನಗರದ ಅಗ್ನಿಶಾಮಕ ಅಧಿಕಾರಿಗಳೇ 2015ರಲ್ಲಿ ವರದಿ ಕೊಟ್ಟು ಎಚ್ಚರಿಸಿದರು. ಹೋರಾಟಗಾರರ ನೂರು ಭಾಷಣಕ್ಕಿಂತ ಆ ಒಂದು ವರದಿಗೆ ಜಾಸ್ತಿ ಬೆಲೆ ಬಂತು ಅನ್ನುವುದು ನನ್ನ ಅಭಿಪ್ರಾಯ. ನಿಮ್ಮೂರಿನ ದಳ ಇಂಥ ವರದಿ ಬರೆದಿದೆಯೇ ಅಂತ ಕೇಳಿ. ಬರೆದಿಲ್ಲದಿದ್ದರೆ, ಬರೆಸಿ ಅಂತ ಕೌನ್ಸಿಲ್‌ಗೆ ಹೇಳಿ. ಇದು ಖಂಡಿತ ಅವರ ಕೈಯಲ್ಲಿರುವ ಕೆಲಸ.

ಅಂಕಿಗಳನ್ನು ಹಾಗೇ ಎಸೆಯಬೇಡಿ. ಟ್ರಾನ್ಸ್ ಮೌಂಟನ್ ಮೊದಲು ದಿನಕ್ಕೆ 3,00,000 ಬ್ಯಾರಲ್ ಒಯ್ಯುತ್ತಿತ್ತು, ಈಗ ಅದರ ಸಾಮರ್ಥ್ಯ 8,90,000. ಒಂದು ಬ್ಯಾರಲ್ ಅಂದರೆ ಸುಮಾರು 159 ಲೀಟರ್. ಅಂದರೆ ದಿನಕ್ಕೆ 14 ಕೋಟಿ ಲೀಟರ್. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್‌ಗೆ ಬರುವ 12,000 ಲೀಟರ್ ನೀರಿನ ಟ್ಯಾಂಕರ್ ಲೆಕ್ಕದಲ್ಲಿ ಹನ್ನೊಂದೂವರೆ ಸಾವಿರಕ್ಕೂ ಜಾಸ್ತಿ ಲಾರಿ. ವ್ಯಾಂಕೂವರ್ ಕಡೆಯವರಿಗೆ ಇನ್ನೊಂದು ಅಂಕಿ ಹತ್ತಿರವಾಗುತ್ತದೆ: ಬಂದರಿಗೆ ತಿಂಗಳಿಗೆ ಸುಮಾರು 5 ಟ್ಯಾಂಕರ್ ಹಡಗು ಬರುತ್ತಿದ್ದದ್ದು 34ರವರೆಗೆ ಏರಬಹುದು ಅಂತ ಯೋಜನೆಯಲ್ಲೇ ಇತ್ತು.

ಎಣ್ಣೆ ಯಾವುದು ಅಂತಲೂ ಕೇಳಿ. ಆಲ್ಬರ್ಟಾದ ಬಿಟುಮೆನ್ ನಮ್ಮ ರಸ್ತೆಗೆ ಹಾಕುವ ಡಾಂಬರಿನ ಹಾಗೆ ಗಟ್ಟಿ. ಹರಿಯಲಿ ಅಂತ ಅದಕ್ಕೆ ತೆಳು ದ್ರವ ಬೆರೆಸುತ್ತಾರೆ. 2010ರ ಜುಲೈನಲ್ಲಿ ಮಿಷಿಗನ್‌ನ ಮಾರ್ಷಲ್ ಹತ್ತಿರ ಎನ್‌ಬ್ರಿಡ್ಜ್‌ನ ಕೊಳವೆ ಒಡೆದಾಗ ಅಂಥ ಎಣ್ಣೆ ಕಲಮಜೂ ನದಿಗೆ ಹೋಯಿತು. ತೆಳು ಭಾಗ ಗಾಳಿಗೆ ಹಾರಿತು, ಉಳಿದದ್ದು ನದಿಯ ತಳಕ್ಕೆ ಕೂತಿತು. ಸೋರುತ್ತಿದೆ ಅಂತ ಕಂಟ್ರೋಲ್ ರೂಮಿನವರಿಗೆ ಗೊತ್ತಾಗಲು 17 ಗಂಟೆ ಬೇಕಾಯಿತು. ಸುಮಾರು 32 ಲಕ್ಷ ಲೀಟರ್ ಹೋಯಿತು. ನಿಮ್ಮೂರಿನಲ್ಲಿ ನದಿ ದಾಟುವ ಕಡೆ ವಾಲ್ವ್ ಎಲ್ಲಿದೆ ಅನ್ನುವುದು ಕೇಳಬೇಕಾದ ಪ್ರಶ್ನೆ.

5. ಎದುರಿನವರ ಮಾತನ್ನು ಅವರಿಗಿಂತ ಚೆನ್ನಾಗಿ ತಿಳಿದಿರಿ

ವಿರೋಧಿಸುವವರು ಲ್ಯಾಕ್ ಮೆಗಾಂಟಿಕ್ ಹೆಸರು ಕೇಳಿರಲೇಬೇಕು. ಕ್ವಿಬೆಕ್‌ನ ಈ ಪುಟ್ಟ ಊರಿನ ನಡುವೆ 2013ರ ಜುಲೈ 6ರ ನಸುಕಿನಲ್ಲಿ ಕಚ್ಚಾ ತೈಲದ ರೈಲು ಹಳಿ ತಪ್ಪಿ ಹೊತ್ತಿಕೊಂಡಿತು. 47 ಜನ ಸತ್ತರು. ಪೈಪ್‌ಲೈನ್ ಬೇಡ ಅಂದರೆ ಎಣ್ಣೆ ರೈಲಿನಲ್ಲಿ ನಿಮ್ಮ ಮನೆ ಪಕ್ಕದಲ್ಲೇ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಅದು ಸುಳ್ಳು ಬೆದರಿಕೆ ಅಲ್ಲ. ಅದಕ್ಕೆ ನಿಮ್ಮ ಉತ್ತರ ಇರಬೇಕು.

ಇನ್ನೊಂದು, ನಿಮ್ಮದು ಇಬ್ಬಗೆಯ ನೀತಿ ಅನ್ನುವ ಆರೋಪ. 2016ರ ಜನವರಿಯಲ್ಲಿ ಮಾಂಟ್ರಿಯಲ್ ಮೇಯರ್ ಡೆನಿ ಕೊಡೇರ್ ಸುತ್ತಲಿನ 82 ಪುರಸಭೆಗಳ ಪರವಾಗಿ ಆಲ್ಬರ್ಟಾದ ಎಣ್ಣೆಯನ್ನು ಪೂರ್ವಕ್ಕೆ ಒಯ್ಯಬೇಕಿದ್ದ ಎನರ್ಜಿ ಈಸ್ಟ್ ಪೈಪ್‌ಲೈನ್‌ಗೆ ವಿರೋಧ ಹೇಳಿದರು. ಪಶ್ಚಿಮದ ಪ್ರಾಂತ್ಯಗಳು ಸಿಟ್ಟಾದವು. ನಮ್ಮ ಎಣ್ಣೆಯ ದುಡ್ಡಿನಿಂದ ಬರುವ ಸಮೀಕರಣದ ಅನುದಾನ (ಪ್ರಾಂತ್ಯಗಳ ನಡುವಿನ ಅಂತರ ತಗ್ಗಿಸಲು ಕೇಂದ್ರ ಹಂಚುವ ದುಡ್ಡು) ಬೇಕು, ಎಣ್ಣೆ ಬೇಡವೇ ಅಂತ ಸಸ್ಕಾಚೆವಾನ್ ಪ್ರಾಂತ್ಯದ ಆಗಿನ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಬ್ರಾಡ್ ವಾಲ್ ಚುಚ್ಚಿದರು. 4,500 ಕಿ.ಮೀ.ಯ ಆ ಯೋಜನೆ 2017ರ ಅಕ್ಟೋಬರ್‌ನಲ್ಲಿ ನಿಂತಿತು. ಆ ಕಹಿ ಮಾತ್ರ ಇನ್ನೂ ಇದೆ. ಕ್ಯಾಲ್ಗರಿ, ಎಡ್ಮಂಟನ್‌ನಲ್ಲಿ ಎಣ್ಣೆ ಕಂಪನಿಗಳಿಗೆ ದುಡಿಯುವ ಕನ್ನಡಿಗರೂ ಇದ್ದಾರೆ. ಬರ್ನಬಿಯಲ್ಲಿ ಕೂತು ‘ಕೊಳಕು ಎಣ್ಣೆ’ ಅನ್ನುವ ಮುಂಚೆ ಅವರಲ್ಲಿ ಒಬ್ಬರಿಗೆ ಫೋನ್ ಮಾಡಿ ಮಾತಾಡಿ. ಸಮುದ್ರಕ್ಕೆ ದಾರಿ ಇಲ್ಲದೆ ಆಲ್ಬರ್ಟಾದ ಎಣ್ಣೆ ವರ್ಷಗಟ್ಟಲೆ ಕಡಿಮೆ ಬೆಲೆಗೆ ಅಮೆರಿಕಕ್ಕೇ ಹೋಗುತ್ತಿತ್ತು. 2024ರಲ್ಲಿ ಹೊಸ ಕೊಳವೆ ತೆರೆದ ಮೇಲೆ ಆ ಬೆಲೆಯ ಅಂತರ ಕಡಿಮೆಯಾಯಿತು. ಇದು ಅವರಿಗೆ ಊಟದ ಪ್ರಶ್ನೆ.

ಪರವಾಗಿ ಮಾತಾಡುವವರಿಗೆ ಒಂದು ಕಿವಿಮಾತು: ‘ಪೈಪ್‌ಲೈನ್ ಸುರಕ್ಷಿತ’ ಅಂತ ಮಾತ್ರ ಹೇಳಿ ಕೂರಬೇಡಿ. ಕಲಮಜೂ ಅಂತ ಯಾರೋ ಕೂಗುತ್ತಾರೆ, ನಿಮ್ಮ ಮೂರು ನಿಮಿಷ ಅಲ್ಲಿಗೆ ಮುಗಿಯಿತು.

6. ಒಪ್ಪಂದದ ದುಡ್ಡು

ಕಂಪನಿಗಳು ದಾರಿಯಲ್ಲಿರುವ ಊರುಗಳಿಗೆ ಸಮುದಾಯ ಲಾಭದ ಒಪ್ಪಂದ ಮುಂದಿಡುತ್ತವೆ. ಪಾರ್ಕು, ಕಾಲುದಾರಿ, ತರಬೇತಿ ಅಂತ. ಟ್ರಾನ್ಸ್ ಮೌಂಟನ್ ದಾರಿಯಲ್ಲಿ ಹೋಪ್, ಮೆರಿಟ್, ಕ್ಯಾಮ್‌ಲೂಪ್ಸ್ ಇಂಥ ಒಪ್ಪಂದ ಮಾಡಿಕೊಂಡವು. ಇದರಲ್ಲಿ ತಪ್ಪೇನಿಲ್ಲ. ಸಣ್ಣ ಊರಿಗೆ ಪೈಪ್‌ಲೈನ್ ಕಟ್ಟುವ ಆಸ್ತಿ ತೆರಿಗೆಯೂ ದೊಡ್ಡದೇ. ಮೇಯರ್ ಕುರ್ಚಿಯಲ್ಲಿ ನಾನಿದ್ದರೂ ಹೇಗಿದ್ದರೂ ಬರುವ ಕೊಳವೆಯಿಂದ ಒಂದು ಸೇತುವೆಯಾದರೂ ಬರಲಿ ಅಂದುಕೊಳ್ಳುತ್ತಿದ್ದೆನೋ ಏನೋ.

ಆದರೆ ಒಪ್ಪಂದದ ಪ್ರತಿ ಕೇಳಿ. ದುಡ್ಡು ತೆಗೆದುಕೊಂಡ ಮೇಲೆ ಯೋಜನೆಯ ವಿರುದ್ಧ ಮಾತಾಡಬಾರದು ಅನ್ನುವ ಷರತ್ತು ಇದೆಯೇ? ದುಡ್ಡು ಕೈಗೆ ಬರುವುದು ಸಹಿಯಾದಾಗಲೋ, ಕೆಲಸ ಶುರುವಾದಾಗಲೋ? ಕೆಲಸ ಮುಗಿದ ಮೇಲೆ ರಸ್ತೆ ರಿಪೇರಿ ಯಾರದ್ದು? ಭೂಮಿ ವ್ಯವಹಾರ, ವಕೀಲರ ಸಲಹೆ ಅಂತ ಬ್ರಿಟಿಷ್ ಕೊಲಂಬಿಯಾದ ಕೌನ್ಸಿಲ್‌ಗಳು ಕೆಲವು ವಿಷಯಗಳನ್ನು ಬಾಗಿಲು ಮುಚ್ಚಿ ಚರ್ಚಿಸಬಹುದು, ಕಾನೂನು ಬಿಡುತ್ತದೆ. ಅದಕ್ಕೇ ಮತಕ್ಕೆ ಬರುವ ಮುಂಚೆಯೇ ಬರವಣಿಗೆಯಲ್ಲಿ ಕೇಳಬೇಕು.

7. ಮೂರು ನಿಮಿಷ

ಮೂರು ನಿಮಿಷ ಅಂದರೆ ಇಂಗ್ಲಿಷಿನಲ್ಲಿ ಸುಮಾರು 400 ಪದ. ನಾನು ಈಗ 300ಕ್ಕೆ ನಿಲ್ಲಿಸುತ್ತೇನೆ, ಉಸಿರಾಡಬೇಕಲ್ಲ. ಕ್ರಮ ಹೀಗೆ: ನಾನು ಯಾರು, ಯಾವ ಬೀದಿ. ನನ್ನ ಬೇಡಿಕೆ ಏನು. ಯಾಕೆ. ಮತ್ತೆ ಬೇಡಿಕೆ. ಬೇಡಿಕೆಯನ್ನು ಕೊನೆಗೆ ಇಟ್ಟರೆ ಗಂಟೆ ಬಾರಿಸಿಬಿಡುತ್ತಾರೆ, ಅದಕ್ಕೇ ಮೊದಲೇ ಹೇಳುವುದು.

ಒಂದು ಮಾದರಿ, ಅರ್ಥ ಮಾತ್ರ ಕನ್ನಡದಲ್ಲಿ:

‘ನಾನು ಎಂಟು ವರ್ಷದಿಂದ ಈ ಊರಿನಲ್ಲಿದ್ದೇನೆ. ನನ್ನ ಮಗಳ ಶಾಲೆ ಟ್ಯಾಂಕ್‌ಗಳಿಂದ ಒಂದೂವರೆ ಕಿಲೋಮೀಟರ್. ನಿರ್ಣಯಕ್ಕೆ ಒಂದು ಸಾಲು ಸೇರಿಸಿ ಅಂತ ಕೇಳಲು ಬಂದಿದ್ದೇನೆ: ಬೆಂಕಿ ಬಿದ್ದರೆ ಶಾಲೆ ತೆರವು ಮಾಡಿಸುವ ಯೋಜನೆಯನ್ನು ಅಗ್ನಿಶಾಮಕ ದಳ 90 ದಿನದೊಳಗೆ ಕೌನ್ಸಿಲ್ ಮುಂದಿಡಲಿ. ಶಾಲೆಗೆ ಇರುವುದು ಒಂದೇ ರಸ್ತೆ. ಮಧ್ಯಾಹ್ನ ಮೂರು ಗಂಟೆಗೆ ಅಲ್ಲಿ ಕಾರು ಅಲ್ಲಾಡುವುದಿಲ್ಲ. ಪೈಪ್‌ಲೈನ್ ಬರಲಿ, ಬಿಡಲಿ, ಟ್ಯಾಂಕ್‌ಗಳು ಈಗಲೇ ಅಲ್ಲಿವೆ.’

ಇದಕ್ಕೆ ಪರ ಇರುವ ಕೌನ್ಸಿಲರ್ ಕೂಡ ಇಲ್ಲ ಅನ್ನಲಾರರು. ‘ಏನು ಮಾಡಬೇಕು ಅಂತೀರಿ?’ ಅನ್ನುವ ಪ್ರಶ್ನೆಯೇ ಹುಟ್ಟುವುದಿಲ್ಲ.

ಚಪ್ಪಾಳೆ, ಕೂಗು, ಫಲಕ ಬೇಡ. ಹೆಚ್ಚಿನ ಕಡೆ ನಿಷೇಧ. ಕೌನ್ಸಿಲರ್‌ಗಳನ್ನು ಅಲ್ಲ, ಅಧ್ಯಕ್ಷತೆ ವಹಿಸಿದವರನ್ನು ಉದ್ದೇಶಿಸಿ ಮಾತಾಡಬೇಕು. ಬರೆದದ್ದನ್ನು ಕ್ಲರ್ಕ್‌ಗೆ ಇಮೇಲ್ ಕೂಡ ಮಾಡಿ, ದಾಖಲೆಯಲ್ಲಿ ಉಳಿಯುತ್ತದೆ.

8. ಮತ ಹಾಕುವ ಹೊತ್ತು

ಮಾತಾಡಿ ಎದ್ದು ಹೋಗಬೇಡಿ, ಆಟ ಇರುವುದು ಆಮೇಲೆ. ‘ರೆಫರ್’ ಅಂದರೆ ಸಿಬ್ಬಂದಿಗೆ ಕಳಿಸುವುದು. ಕೆಲವು ಸಲ ಅದು ನಿಜವಾದ ಅಧ್ಯಯನ, ಕೆಲವು ಸಲ ಗೋಣಿಚೀಲದಲ್ಲಿ ಕಟ್ಟಿಡುವುದು. ವಾಪಸ್ ತರುವ ದಿನಾಂಕ ಹಾಕಿದ್ದಾರೆಯೇ ನೋಡಿ, ಅದರಲ್ಲಿ ಗೊತ್ತಾಗುತ್ತದೆ. ತಿದ್ದುಪಡಿ ಬಂದರೆ ಮೂಲ ಸಾಲು ಪೂರಾ ಬೇರೆಯೇ ಆಗಬಹುದು. ‘ವಿರೋಧಿಸುತ್ತದೆ’ ಅಂತಿದ್ದದ್ದು ‘ಕಳವಳ ವ್ಯಕ್ತಪಡಿಸುತ್ತದೆ’ ಅಂತ ಆಗುವುದನ್ನು ನೀವೇ ನೋಡುತ್ತೀರಿ.

ಬ್ರಿಟಿಷ್ ಕೊಲಂಬಿಯಾದಲ್ಲಿ ಎರಡು ತಮಾಷೆಯ ನಿಯಮಗಳಿವೆ. ಮತ ಸಮ ಬಂದರೆ ನಿರ್ಣಯ ಬಿದ್ದುಹೋಗುತ್ತದೆ. ಕೂತಿದ್ದೂ ಕೈ ಎತ್ತದೆ ಸುಮ್ಮನಿರುವ ಸದಸ್ಯರ ಮತ ‘ಹೌದು’ ಅಂತ ಲೆಕ್ಕ. ಮೌನಂ ಸಮ್ಮತಿ ಲಕ್ಷಣಂ ಅನ್ನುವುದು ಅಲ್ಲಿ ಕಾನೂನೇ! ಷೇರು ಅಥವಾ ವ್ಯವಹಾರ ಇರುವ ಸದಸ್ಯರು ಆ ಚರ್ಚೆಯಿಂದ ಎದ್ದು ಹೊರಗೆ ಹೋಗಬೇಕು. ಯಾರು ಹೋದರು ಅಂತ ಗಮನಿಸಿ.

9. ಸಭೆಯ ಹೊರಗೆ

ಸಭೆಯಲ್ಲಿ ಮಾತಾಡುವುದು, ಫುಟ್‌ಪಾತ್‌ನಲ್ಲಿ ಫಲಕ ಹಿಡಿಯುವುದು ಒಂದು. ಕೋರ್ಟಿನ ತಡೆಯಾಜ್ಞೆ ಮೀರಿ ಗೇಟಿನ ಮುಂದೆ ಕೂರುವುದು ಇನ್ನೊಂದು. 2018ರಲ್ಲಿ ಬರ್ನಬಿಯ ಟ್ರಾನ್ಸ್ ಮೌಂಟನ್ ಗೇಟಿನ ಮುಂದೆ 200ಕ್ಕೂ ಹೆಚ್ಚು ಜನರ ಬಂಧನವಾಯಿತು. ಅವರಲ್ಲಿ ಇಬ್ಬರು ಸಂಸದರು, ಎಲಿಜಬೆತ್ ಮೇ ಮತ್ತು ಕೆನಡಿ ಸ್ಟುವರ್ಟ್. ನ್ಯಾಯಾಂಗ ನಿಂದನೆಗೆ ಇಬ್ಬರಿಗೂ ದಂಡ ಬಿತ್ತು. ಸ್ಟುವರ್ಟ್ ಅದೇ ವರ್ಷ ವ್ಯಾಂಕೂವರ್ ಮೇಯರ್ ಆದರು. ಪೌರತ್ವ ಇದ್ದವರಿಗೆ ಅದು ನಡೆಯುತ್ತದೆ. ವರ್ಕ್ ಪರ್ಮಿಟ್, ಸ್ಟೂಡೆಂಟ್ ವೀಸಾ, ಪಿಆರ್ (ಕಾಯಂ ವಾಸದ ಅನುಮತಿ) ಮೇಲಿರುವವರು ಆ ಗೆರೆ ದಾಟುವ ಮುಂಚೆ ವಕೀಲರನ್ನು ಕೇಳಿ.

10. ಮತ ಆದ ಮೇಲೆ

ಗೆದ್ದರೆ ಪತ್ರ ನಿಜಕ್ಕೂ ಹೋಯಿತೇ ಅಂತ ಎರಡು ವಾರ ಬಿಟ್ಟು ಕ್ಲರ್ಕ್‌ಗೆ ಕೇಳಿ. ಸೋತರೆ ಸೌತ್ ಪೋರ್ಟ್‌ಲ್ಯಾಂಡ್ ನೆನಪಿರಲಿ. 200ಕ್ಕೂ ಕಡಿಮೆ ಮತಗಳಿಂದ ಸೋತ ಎಂಟು ತಿಂಗಳಿಗೆ ಅವರು ಬೇರೆ ಬಾಗಿಲಿನಿಂದ ಬಂದರು. ಕಿಟಿಮ್ಯಾಟ್‌ನ ಜನಮತಕ್ಕೂ ಕಾನೂನಿನ ಬಲ ಇರಲಿಲ್ಲ. ಎರಡೇ ತಿಂಗಳಲ್ಲಿ ಕೇಂದ್ರ ಸರ್ಕಾರ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2016ರಲ್ಲಿ ಕೋರ್ಟ್ ಆ ಒಪ್ಪಿಗೆಯನ್ನು ರದ್ದು ಮಾಡಿತು, ಅದೇ ನವೆಂಬರ್‌ನಲ್ಲಿ ಟ್ರೂಡೊ ಸರ್ಕಾರ ಯೋಜನೆಯನ್ನು ತಿರಸ್ಕರಿಸಿತು. ಟ್ರಾನ್ಸ್ ಮೌಂಟನ್‌ಗೆ ಹಸಿರು ನಿಶಾನೆ ಕೊಟ್ಟದ್ದೂ ಅದೇ ದಿನ.

ಕೊಳವೆ ಬಂದೇ ಬಂತು ಅನ್ನಿ. ಆಗ ನಗರದ ತುರ್ತು ಯೋಜನೆಯ ಪ್ರತಿ ತರಿಸಿ ಓದಿ. ನಿಮ್ಮ ಹಿತ್ತಲಲ್ಲಿ ಬೇಲಿಗೆ ಕಂಬ ನೆಡುವುದಿದ್ದರೆ ಅಮೆರಿಕದಲ್ಲಿ 811ಕ್ಕೆ, ಬ್ರಿಟಿಷ್ ಕೊಲಂಬಿಯಾದಲ್ಲಿ ಬಿಸಿ ಒನ್ ಕಾಲ್‌ಗೆ ಮೊದಲು ಫೋನ್ ಮಾಡಿ. ದುಡ್ಡಿಲ್ಲ, ಪುಕ್ಕಟೆ. ಕೊಳವೆಗಳು ಎಲ್ಲೆಲ್ಲಿವೆ ಅಂತ ಗುರುತು ಸಿಕ್ಕ ಮೇಲೆ ಗುದ್ದಲಿ ಹಿಡಿಯಿರಿ.